ಮೂರು ಅಂಗುಲ

ನಾಳೆ ಎಂಟಕ್ಕೆ ಕಲ್ಲಿನವರು ಬರುತ್ತಾರೆ.
ಅಷ್ಟರೊಳಗೆ ಎಲ್ಲ ಖಾಲಿಯಾಗಿರಬೇಕೆಂದು
ಫೋನಿನಲ್ಲಿ ಎರಡು ಸಲ ಹೇಳಿದ್ದಾರೆ,
ಕಿವುಡಿಗೆ ಹೇಳುವ ಹಾಗೆ.

ತಟ್ಟೆಗಳು ಬಚ್ಚಲ ತೊಟ್ಟಿಗೆ ಹೋದವು.
ಹಿಟ್ಟು, ಓಟ್ಸು, ಕಾಕಂಬಿಯ ಡಬ್ಬಿ
ಹಾಸಿಗೆಯ ಮೇಲೆ, ಹೆಕ್ಟರನ ದಿಂಬಿಗೆ ಒರಗಿ.
ಕೆಟಲ್ಲು ಇಸ್ತ್ರಿ ಮೇಜಿನ ಮೇಲೆ
ಬಸ್ಸು ತಪ್ಪಿದವನಂತೆ ನಿಂತಿದೆ.
ಒಂದು ಡ್ರಾಯರಿನ ತುಂಬ ದಾರ, ರಬ್ಬರು,
ಯಾವ ಬೀಗದ್ದೋ ಗೊತ್ತಿಲ್ಲದ ಕೀಲಿಕೈ;
ಬೇಕಾಗಿಲ್ಲ, ಬಿಸಾಡಲಾರೆ.

ಹೆಕ್ಟರ್ ಸಿಂಕಿನ ಕೆಳಗೆ ಸೊಂಟದವರೆಗೆ ನುಗ್ಗಿದ್ದಾನೆ.
ಕಾಲೆರಡು ಮಾತ್ರ ನನ್ನ ಕಡೆಗೆ,
ಒಂದು ಕಾಲುಚೀಲ ತೂತು.
ಮೂವತ್ತು ವರ್ಷ ಯಾರೂ ಮುಟ್ಟದ ವಾಲ್ವು
ಜಪ್ಪಯ್ಯ ಅಂದರೂ ತಿರುಗುವುದಿಲ್ಲ.
'ಎಡಕ್ಕೋ ಬಲಕ್ಕೋ?' ಕತ್ತಲೊಳಗಿಂದ ಕೇಳುತ್ತಾನೆ.
ನನಗಿಲ್ಲಿ ಬಲ, ಅವನಿಗಲ್ಲಿ ಎಡ;
ಇಪ್ಪತ್ತಾರು ವರ್ಷ ಹೀಗೇ ಸಂಸಾರ ನಡೆದಿದೆ.

ಬಕೆಟ್ಟು ಕೊಟ್ಟೆ. ಟಾರ್ಚು ಹಿಡಿದೆ.
ಬಾಗಿದ ಪೈಪು ಬಿಚ್ಚಿದಾಗ
ಕಪ್ಪು ಜಿಡ್ಡು ಗಳಕ್ಕನೆ ಇಳಿಯಿತು,
ಚಹಾ ಸೊಪ್ಪು, ಮೀನಿನ ಮುಳ್ಳು,
ನಮ್ಮವೇ ಊಟಗಳು, ನಮ್ಮ ಗುರುತಿಲ್ಲದೆ.

ಅಂಚಿನ ಸಿಲಿಕೋನ್ ಕೊಯ್ದು
ಒಂದು, ಎರಡು, ಎಂದು ಎತ್ತಿದೆವು.
ಎರಕದ ಸಿಂಕು! ತುಂಬು ಬಸುರಿಯನ್ನು
ಮೆಟ್ಟಿಲಿಳಿಸುವ ಹಾಗೆ ಇಳಿಸಿ
ಹಿತ್ತಲ ಹಿಮದ ಮೇಲೆ ಕೂರಿಸಿದೆವು.
ಗ್ಲೇಸ್ ಬೇ ಕಡಲಿನಿಂದೊಂದು ಹಕ್ಕಿ ಬಂದು
ಒಳಗಿಣುಕಿ, ಏನೂ ಇಲ್ಲವೆಂದು ಬೈದು ಹೋಯಿತು.

ಹಲಗೆ ಕಿತ್ತಾಗ ಕಂಡದ್ದು:
ಕಪಾಟುಗಳ ಬುಡಕ್ಕೆ ಮರದ ತುಂಡುಗಳು,
ಒಂದೊಂದೂ ಮೂರು ಅಂಗುಲ,
ಗಣಿಯೊಳಗೆ ಆಸರೆಗೆ ನಿಲ್ಲಿಸುತ್ತಿದ್ದ ಮರದ್ದು.
ಗೋಡೆಯ ಹಳೆಯ ಹಸಿರಿನಲ್ಲಿ
ಮೊದಲಿನ ಕೌಂಟರಿನ ಗೆರೆ ಅಷ್ಟು ಕೆಳಗೆ.
'ಅಪ್ಪ ಎತ್ತರಿಸಿದ್ದು,' ಅಂದ ಹೆಕ್ಟರ್.
'ಅಮ್ಮನಿಗೆ ಬೆನ್ನು ನೋವು.'

ಮರ್ಡೀನಾ ಉದ್ದದ ಹೆಂಗಸು. ಬಲ್ಲೆ.
ಅವಳ ಕೋಟು ತೊಟ್ಟರೆ ನಾನು ನೆಲ ಗುಡಿಸುತ್ತಿದ್ದೆ.
ಪಾಪ, ಅವಳ ಬೆನ್ನೂ ಬೆನ್ನೇ.
ಆದರೆ ಇಪ್ಪತ್ತಾರು ವರ್ಷ
ಹಾಲಿನ ಕ್ರೇಟು ಮಗುಚಿ ಹಾಕಿ ನಿಂತು ಹಿಟ್ಟು ನಾದಿದೆ,
ಭುಜ ಕಿವಿಗೆ ಏರಿಸಿ ಪಾತ್ರೆ ತೊಳೆದೆ,
ಅಡಿಗೆಮನೆಯೆಂದರೆ ಇಷ್ಟೇ ಎತ್ತರ,
ಗಿಡ್ಡಿಯಾದದ್ದು ನನ್ನದೇ ತಪ್ಪೆಂದುಕೊಂಡು.

ಕಲ್ಲಿನ ಡೆಲ್ಬರ್ಟನಿಗೆ ಫೋನು ಮಾಡಿದೆ:
ಕಪಾಟು ಇಳಿಸಿದರೆ ಕಲ್ಲು ಕೂರುತ್ತದೆಯೇ?
'ಕಲ್ಲಿಗೇನು, ಮಟ್ಟವಿದ್ದರೆ ಸಾಕು.'

ಹೆಕ್ಟರ್ ನನ್ನನ್ನು ನೋಡಿದ, ಕ್ರೇಟನ್ನು ನೋಡಿದ.
ಮಾತಿಲ್ಲದೆ ಸುತ್ತಿಗೆ ತಂದ.
ಹನ್ನೊಂದು ತುಂಡು ಒಲೆಗೆ.
ಒಂದನ್ನು ಇಟ್ಟುಕೊಂಡೆ, ಹಿತ್ತಲ ಬಾಗಿಲಿಗೆ ಆನಿಸಲು.

ಈಗ ರಾತ್ರಿ. ಬಚ್ಚಲ ತೊಟ್ಟಿಯ ಮುಂದೆ
ಇಬ್ಬರೂ ಮೊಣಕಾಲೂರಿ ಎರಡು ಕಪ್ಪು ತೊಳೆಯುತ್ತೇವೆ.
ಆಚೆ ವಾಲ್ವು ಇನ್ನೂ ತೊಟ್ಟಿಕ್ಕುತ್ತಿದೆ.
ಬಕೆಟ್ಟು ಸಾಕಾಗಬಹುದು
ಎಂಟರವರೆಗೆ.