ಇಬ್ಬರಿಗೆ

ಡಬ್ಬಿಯ ಮೇಲೆ ಬರೆದಿತ್ತು: ಇಬ್ಬರಿಗೆ.
ನನಗೆ ನಗು ಬಂತು.
ಇಬ್ಬರ ಸೀಟಿಗೆ ಮೂವರನ್ನು, ಮೂವರ ತೊಡೆಗೊಂದು ಅರ್ಧ ಟಿಕೀಟನ್ನು,
ಆ ಅರ್ಧ ಟಿಕೀಟಿನ ಮಡಿಲಿಗೊಂದು ಹುಂಜವನ್ನು
ಹತ್ತೊಂಬತ್ತು ವರ್ಷ ಸರಿಸಿ ಸರಿಸಿ ಕೂಡಿಸಿದ ಕೈ ಇದು,
ಅಕ್ಕಲಕೋಟೆ ಡಿಪೋದ್ದು.
"ಇಬ್ಬರಿಗಂದ್ರ ಎಂಥಾ ಇಬ್ಬರಿಗ್ರೀ?" ಅಂದೆ.

ಸೊಲ್ಲಾಪುರದ ನವಿಪೇಟೆಯಲ್ಲಿ ಹಗ್ಗ, ತಾಡಪತ್ರಿ, ಕೊಡೆ ಮಾರುವ ಉಂಬರ್ಜೆ,
ಕನ್ನಡದಲ್ಲಿ ಎಣಿಸಿ ಮರಾಠಿಯಲ್ಲಿ ರೇಟು ಹೇಳುವವ,
ಕೌಸರಳ ಕಡೆ ನೋಡಿದ, ನನ್ನ ಕಡೆ ನೋಡಿದ,
ಬಾಯಿ ಬಿಡದೆ
ಮೂವರ ಡಬ್ಬಿ ಕೆಳಗಿಳಿಸಿದ.

ದೂರವೇನೂ ಹೋಗುವುದಿಲ್ಲ ನಾವು.
ಕುರನೂರು ಅಣೆಕಟ್ಟಿನ ಹಿನ್ನೀರು.
ದಿನಕ್ಕೆ ನಾಲ್ಕು ಸಲ ಕಿಟಕಿಗೆ ಬಂದು ಹೋಗುವ ನೀರು,
ಒಮ್ಮೆಯೂ ಇಳಿದು ಮುಟ್ಟಿದ್ದಿಲ್ಲ.
ಇಬ್ಬರಿಗೂ ಒಂದೇ ದಿನ ರಜೆ ಸಿಕ್ಕಿದ್ದು ಇದೇ ಮೊದಲು,
ಅದೂ ಕೌಸರ್ ಸಾಹೇಬರ ಟೇಬಲ್ಲಿನ ಮುಂದೆ
ಅರ್ಧ ತಾಸು ಸುಮ್ಮನೆ ನಿಂತದ್ದಕ್ಕೆ.

ಕೆಂಪು ತೋರಿಸಿದ. ಬೇಡ.
ಬೆಳಗಾದರೆ ಕೆಂಪು ಬಸ್ಸಿನ ಹೊಟ್ಟೆಯಲ್ಲೇ ಇರ್ತೀವಿ.
ಅಂಗಡಿಯ ಹುಡುಗ, ಯೆಮುಲರವನು, ತೆಲುಗಿನಲ್ಲಿ ಗೊಣಗುತ್ತ
ಬೆಳ್ಳಿ ಬಣ್ಣದ್ದೊಂದು ಬಿಚ್ಚಿದ,
ಒಂದೇ ಪದರ, ಹಗುರ, ಅಗ್ಗ.
ನಾನು ರೊಕ್ಕ ತೆಗೆಯಬೇಕು ಎನ್ನುವಾಗ
ಕೌಸರ್ ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದಳು,
ಸೀರೆ ಅಂಗಡಿಯಲ್ಲಿ ಉಜ್ಜುವ ಹಾಗಲ್ಲ.
"ಒಂದೇ ಪದರ ಇದ್ರ ನಸುಕಿನ್ಯಾಗ
ನಮ್ಮ ಉಸರೇ ತಿರುಗಿ ನಮ್ಮ ಮ್ಯಾಲ ಹನೀತದ."

ನಿನಗೆ ಹೇಗೆ ಗೊತ್ತೆಂದು ಕೇಳಲಿಲ್ಲ ನಾನು.
ಕಬ್ಬಿನ ಹಂಗಾಮಿಗೆ ಅವಳ ಅಪ್ಪ ಅವ್ವ ಹೋಗುತ್ತಿದ್ದರು,
ಫ್ಯಾಕ್ಟರಿಯ ಬಯಲಲ್ಲಿ ಪ್ಲಾಸ್ಟಿಕ್ ಹೊದ್ದ ಕೊಪ್ಪಿ,
ಆರು ತಿಂಗಳು. ಅಲ್ಲೇ ಹುಟ್ಟಿದವಳು.
ಹನ್ನೊಂದು ವರ್ಷದ ಗೆಳೆತನದಲ್ಲಿ ಎರಡು ಸಲ ಹೇಳಿದ್ದಾಳೆ,
ಎರಡು ಸಲವೂ ಬೇರೆ ಮಾತಿನ ನಡುವೆ.

ಆಮೇಲೆ ಅವಳೇ ಕೇಳತೊಡಗಿದಳು.
ನೆಲದ ಹಾಸು ಗೋಡೆಗೆ ಎಷ್ಟು ಬೆರಳು ಏರಿದೆ.
ಜಾಳಿ ಸೊಳ್ಳೆಯದೋ ನೊಣದ್ದೋ.
ಹೊಲಿಗೆಯ ಮೇಲೆ ಪಟ್ಟಿ ಅಂಟಿಸಿದ್ದಾರೋ, ಇಲ್ಲ ಸೂಜಿಯ ತೂತಿಗೆ
ಮಳೆರಾಯ ನೂಲು ಪೋಣಿಸಬೇಕೋ.
ಗೂಟ ಗೇಣುದ್ದ ಇರಲಿ, ಎರಿ ನೆಲ
ಒಣಗಿದ್ರ ಕಲ್ಲು, ನೆಂದ್ರ ಬೆಣ್ಣಿ.
ಕೂತು ತಲೆ ಬಾಚಿಕೊಳ್ಳುವಷ್ಟು ಎತ್ತರ,
ಅದೊಂದು ನಾನು ಸೇರಿಸಿದ್ದು.
ಉಂಬರ್ಜೆ ಕುರ್ಚಿ ಬಿಟ್ಟು ಎದ್ದು ನಿಂತಿದ್ದ.

ಕಡೆಗೆ ಹಸಿರಿನದೊಂದು, ಎರಡು ಪದರದ್ದು,
ಮಾಳಿಗೆಯ ಮೇಲೆ ಇಟ್ಟಿಗೆ ಒತ್ತಿ ನಿಲ್ಲಿಸಿದರು.
ಪಕ್ಕದ ಮಾಳಿಗೆಯಲ್ಲಿ ಚಾದರ ಒಣಗುತ್ತಿದ್ದವು.
ಕೌಸರ್ ಚಪ್ಪಲಿ ಕಳಚಿ ಒಳಗೆ ಹೋದಳು,
ಒಳಗಿನಿಂದಲೇ ಜಿಪ್ ಎಳೆದುಕೊಂಡಳು.
"ಘಂಟಿ ಎಲ್ಲದ ಇದಕ್ಕ?"
"ಇಲ್ಲ."
"ಬಾರಿಸಿ ಇಳಿಸಾವ್ರು?"
"ಯಾರೂ ಇಲ್ಲ, ಮಲಕ್ಕೊ."
ಆಮೇಲೆ ಸದ್ದಿಲ್ಲ.
ಸ್ವಲ್ಪ ಹೊತ್ತಿಗೆ ಸಣ್ಣ ಗೊರಕೆ.
ನಾಲ್ಕೂವರೆಯ ಪಾಳಿ ಮುಗಿಸಿ ಬಂದವಳು.

ಹುಡುಗ ಗೂಟ ಎಣಿಸಿದ. ಏಳು.
ನಾನು ಎಣಿಸಿದೆ. ಏಳು.
ಡಬ್ಬಿಯ ಮೇಲೆ ಎಂಟು.
"ಮುಂದಿನ ಸಲ ಬಂದಾಗ ಒಯ್ರಿ ಅಕ್ಕಾರ" ಎಂದು ಉಂಬರ್ಜೆ
ಬಿಲ್ಲು ತಿರುವಿ ಬೆನ್ನಿಗೆ ಬರೆದ: ೧ ಗೂಟ ಬಾಕಿ.
ಕೆಳಗೊಂದು ಗೆರೆ ಎಳೆದ, ಥೇಟ್ ನನ್ನ ಹಾಗೆ,
ಚಿಲ್ಲರೆ ಇಲ್ಲದ ದಿನ ಟಿಕೀಟಿನ ಬೆನ್ನಿಗೆ ನಾನು ಎಳೆಯುವ ಹಾಗೆ.
ಇಳಿಯುವ ಗಡಿಬಿಡಿಯಲ್ಲಿ ಎಷ್ಟು ಜನ ಮರೆತು ಹೋದರೋ.

ಮುಂದಿನ ಬಸ್ಸಿಗೆ ಇನ್ನೂ ಹೊತ್ತಿದೆ.
ಒಂದು ಮೂಲೆಯ ಇಟ್ಟಿಗೆ ಸರಿದು
ಬಟ್ಟೆ ಗಾಳಿಗೆ ಏಳುತ್ತಿತ್ತು.
ಅದರ ಮೇಲೆ ನನ್ನ ಚೀಲ ಇಟ್ಟೆ,
ಸಾಲಲಿಲ್ಲ,
ನಾನೇ ಕೂತೆ.