ಎರಡು ಗುಗ್ಗರಿ

ಜೋಳ ಮೊದಲು ಕೈಗೆ ಗೊತ್ತಾಗಬೇಕು.
ಮೊರದಲ್ಲಿ ಕೇರಿ, ಹರಳು ಆರಿಸಿ,
ಮೂರು ನೀರು ತೊಳೆದು
ಕಾಳಿನ ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ
ರಾತ್ರಿ ಮುಚ್ಚಿಟ್ಟರೆ
ಬೆಳಗ್ಗೆ ಮುಚ್ಚಳ ಎತ್ತುವಷ್ಟರಲ್ಲಿ
ನೀರನ್ನೆಲ್ಲ ಕುಡಿದು ಮೇಲೆ ನೋಡುತ್ತಿರುತ್ತದೆ.

ಹಸೇವು ಹಾಕಬ್ಯಾಡ, ಅಂದಿದ್ದ ಜಿಂದಪ್ಪ,
ದೇವಸುಗೂರಿನ ಕೆಳಗೆ ಹರಿಗೋಲು ತಿರುವುತ್ತ,
ಅರ್ಧ ಬೀಡಿ ಕಿವಿಯ ಮೇಲೆ ಉಳಿಸಿಕೊಂಡು.
"ಒಣಾ ಕಾಳು ಮೀನಿನ ಹೊಟ್ಟ್ಯಾಗ ಉಬ್ಬತಾವ ತಂಗಿ.
ಸಿಕ್ಕದ್ದು ಉಣ್ಣು.
ಸಿಗಲಾರದ್ದನ್ನ ಕೊಲ್ಲಬ್ಯಾಡ."

ಅದಕ್ಕೇ ಕುದಿಸುತ್ತೇನೆ.
ಕುಕ್ಕರಿನಲ್ಲಲ್ಲ, ಸೀಟಿಗೆ ಕಾಳಿನ ಮರ್ಮ ತಿಳಿಯದು;
ತಳ ಸೀದ ಈ ಜರ್ಮನ್ ಪಾತ್ರೆಯಲ್ಲಿ.
ಮೂಗು ಬಿರಿಯಬೇಕು, ಹೊಟ್ಟೆ ಒಡೆಯಬಾರದು.
ಉಗುರಿಗೆ ಸೋಲಬೇಕು, ಗಾಳದ ಮೊನೆಯಿಂದ ಜಾರಬಾರದು.
ಮೆಕ್ಕೆಜೋಳಕ್ಕೆ ಇನ್ನೊಂದು ತಾಸು.
ಬೂಸಲು ಬಂದ ಶೇಂಗಾ ಮೀನಿಗೂ ಬೇಡ.
ಹಿಂಡಿ ಕುಟ್ಟಿ, ಘಮ್ಮೆನ್ನುವವರೆಗೆ ಹುರಿದು,
ಮೆಂತ್ಯದ ಪುಡಿ, ಕರಿಬೆಲ್ಲ,
ದಂಡೆಯ ಎರೆಮಣ್ಣು ಸೇರಿಸಿ ಲಿಂಬೆಯಷ್ಟು ಉಂಡೆ.
ಒಂದನ್ನು ಬಕೆಟ್ಟಿನ ನೀರಿಗೆ ಬಿಟ್ಟು ಎಣಿಸುತ್ತೇನೆ:
ಇಪ್ಪತ್ತಕ್ಕೇ ಒಡೆದರೆ ಸಡಿಲ,
ನೂರು ದಾಟಿಯೂ ಕೂತಿದ್ದರೆ ನಮ್ಮ ದೊಡ್ಡವ್ವನ ಹಾಗೆ,
ಯಾವ ಹೊಳೆಯೂ ಅಲ್ಲಾಡಿಸಲಾರದು.
ಅರವತ್ತು. ಅರವತ್ತೊಂದಕ್ಕೆ ಬಾಯಿ ಬಿಡಬೇಕು.

ಕುದಿಸಿದ ಕಾಳು ಮೂರು ದಿನ ಅದೇ ನೀರಲ್ಲಿ,
ಮುಚ್ಚಳದ ಮೇಲೆ ಗುಂಡುಕಲ್ಲು.
ಮೊದಲ ದಿನ ಅಂಬಲಿಯ ವಾಸನೆ,
ಎರಡನೇ ದಿನ ಹೆಂಡದಂಗಡಿಯ ಹಿಂಬಾಗಿಲು,
ಮೂರನೇ ದಿನ ನೊರೆ; ಸೌಟೆತ್ತಿದರೆ ಎಳೆ ಎಳೆ ಲೋಳೆ.
ಪಕ್ಕದ ಕ್ವಾಟ್ರಸಿನ ವಸುಂಧರಾಬಾಯಿ
ದಢಾರನೆ ಕಿಟಕಿ ಮುಚ್ಚಿದಳೆಂದರೆ
ಹದ ಬಂತೆಂದು ಲೆಕ್ಕ.

ಈ ಸಲ ಆ ಮೂರನೇ ದಿನವೇ
ತಮ್ಮನ ಕೂಸಿಗೆ ಹೆಸರಿಡುವ ದಿನ.
ಸೋದರತ್ತೆ ನಾನೊಬ್ಬಳೇ,
ತೊಟ್ಟಿಲ ಗುಗ್ಗರಿಯೂ ನನ್ನ ಪಾಲಿಗೇ:
ಕಡಲೆ, ಹೆಸರು, ಮತ್ತೆ ಅದೇ ಜೋಳ,
ಉಪ್ಪು, ಒಣಕೊಬ್ಬರಿ.
ಅದೇ ಒಲೆ, ಅದೇ ಸೌಟು.
ತೊಳೆದಿದ್ದೆ, ಆಣೆಗೂ.

ತೊಟ್ಟಿಲ ಸುತ್ತ ಹೆಂಗಸರು.
ಒಬ್ಬಾಕೆ ಮೂಗು ಮುದುರಿದಳು,
"ಏನ್ ವಾಸನೀಬೇ ಇದು?"
ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡೆ.
ಲಿಂಬೆ, ಸೀಗೆ, ಬೂದಿ, ಏನು ತಿಕ್ಕಿದರೂ
ಮೆಂತ್ಯ ಚರ್ಮ ಬಿಟ್ಟು ಹೋಗುವುದಿಲ್ಲ.

ಕಿವಿಯಲ್ಲಿ ಹೆಸರು ಹೇಳಲು ಬಾಗಿದೆ,
ಬೆನ್ನಿಗೆ ಗುದ್ದು ಬೀಳತೊಡಗಿದವು, ರಿವಾಜಿನಂತೆ.
ವಸುಂಧರಾಬಾಯಿಯದು ಬಲು ಜೋರು,
ಎಷ್ಟೋ ವರ್ಷದ ಕಿಟಕಿಗಳು ಅದರಲ್ಲಿದ್ದವು.
ಹೆಸರು ಮರೆತೇ ಹೋಯಿತು.

ಆಗ ಕೂಸು
ನನ್ನ ತೋರುಬೆರಳನ್ನು ಹುಡುಕಿ ಬಾಯಿಗಿಟ್ಟುಕೊಂಡು
ಒಮ್ಮೆ ಜಗ್ಗಿತು. ಬಿಟ್ಟಿತು.
ಮತ್ತೆ, ಚೂರು.

ಮೂವತ್ತು ವರ್ಷ ದಂಡೆಯಲ್ಲಿ ಕೂತ ಕೈಗೆ ಗೊತ್ತು,
ಇದು ರೋಹು.
ಕಾಟ್ಲಾ ಆದರೆ ಒಂದೇ ಏಟಿಗೆ ಎಳೆದೊಯ್ಯುತ್ತದೆ,
ರೋಹು ಕೇಳಿ ಕೇಳಿ ತಿನ್ನುತ್ತದೆ.
ಈಗ ಎತ್ತಬಾರದು. ನೆರಳೂ ಅಲುಗಬಾರದು.
ಗುದ್ದು ತಿನ್ನುತ್ತ ಹಾಗೇ ಬಾಗಿ ನಿಂತೆ.

"ಹೆಸರು ಹೇಳಬೇ!" ಅಂದರು ಯಾರೋ.
ಹೇಳಿದೆ, ಚೀಟಿಯಲ್ಲಿ ಬರೆದದ್ದನ್ನೇ.
ಅದಕ್ಕೂ ಮೊದಲು ಇನ್ನೊಂದು ಹೇಳಿದ್ದೆ,
ಕಾಳಿನಷ್ಟು ಸಣ್ಣದು,
ತಮ್ಮನ ಹೆಂಡತಿ ಶಶಿರೇಖಾಳಿಗೂ ಕೇಳಿಸಲಿಲ್ಲ.

ಸಂಜೆ, ಎಲ್ಲರ ಉಡಿಗೂ ಹಾಕಿ
ಗುಗ್ಗರಿ ಎರಡು ಬೊಗಸೆ ಉಳಿಯಿತು.
ಚೆಲ್ಲಲು ಮನಸ್ಸಾಗಲಿಲ್ಲ.
ಜರ್ಮನ್ ಪಾತ್ರೆಗೆ ಸುರಿದು ಕಲಕಿ
ಮತ್ತೆ ಕಲ್ಲು ಹೇರಿದೆ.
ಉಪ್ಪಿದೆ, ಮೀನು ಮುಟ್ಟುವುದೋ ಇಲ್ಲವೋ.

ನಾಳೆ ಐದಕ್ಕೆ ಹೊಳೆ.
ಥರ್ಮಲ್ಲಿನ ಕೆಂಪು ದೀಪ ಇನ್ನೂ ನೀರಲ್ಲಿರುವಾಗ
ಜಿಂದಪ್ಪ ಡಬ್ಬಿಯೊಳಗೆ ಕೈಯಿಟ್ಟು,
ಎರಡು ಕಾಳು ಮೂಗಿಗೆ ಹಿಡಿದು ಕೇಳುತ್ತಾನೆ,
"ಇದ್ರಾಗ ಕೊಬ್ಬರಿ ಯಾಕ ತಂಗಿ?"