ಹೆಪ್ಪು

ಗಾಜಿನ ನಳಿಕೆಯಲ್ಲಿ ಎರಡು ಮಿಲಿ ರಕ್ತ.
ಅಲುಗಾಡಿಸಬಾರದು. ಇಪ್ಪತ್ತು ನಿಮಿಷ.
ಹೆಪ್ಪುಗಟ್ಟಿದರೆ ಹುಡುಗ ಇಲ್ಲೇ ಚಾಪೆಯ ಮೇಲೆ ಮಲಗಲಿ,
ಇಲ್ಲವಾದರೆ ನಾನು ಫ್ರಿಜ್ಜಿನ ಕಡೆಗೆ.

ಬೆನ್ಯೂ ನದಿಯ ಬಯಲಿಗೆ ಮೊದಲ ಮಳೆ ಬಿದ್ದ ವಾರ
ಹಾವಿಗೂ ದನಗಾಹಿಗೂ ಒಂದೇ ಹುಲ್ಲು.
ಗಿಡಾಡೊಗೆ ಹನ್ನೊಂದು. ಒಸಡು ಜಿನುಗುತ್ತಿದೆ,
ಉಗುಳಿ ಉಗುಳಿ ನೋಡುತ್ತಾನೆ
ಬೇರೆ ಯಾರದೋ ಎಂಬಂತೆ.

ಐದನೆಯ ನಿಮಿಷ.
ಇರುವುದು ಒಂದೇ ಸೀಸೆ,
ಅದರ ಆಯುಷ್ಯ ಕಳೆದ ರಂಜಾನಿಗೇ ಮುಗಿದಿದೆ.
ಸೀರಂ ಮಾಡುತ್ತಿದ್ದ ಕಂಪನಿ ಬರೆದಿತ್ತು,
ಒಳ್ಳೆಯ ಕಾಗದ, ನುಣುಪು:
ಕುದುರೆಗಳನ್ನು ಮಾರಿದೆವು, ಕ್ಷಮಿಸಿ,
ಕಚ್ಚಿಸಿಕೊಳ್ಳುವವರು ಕೊಳ್ಳುವವರಲ್ಲ.
ಅದೇ ಲಾಯದ ಜಾಗದಲ್ಲೀಗ
ಹಣೆಯ ಸುಕ್ಕಳಿಸುವ ಸೂಜಿಮದ್ದು.

ಅಬುಜಾದಿಂದ ಬಂದ ಪತ್ರ ಅಷ್ಟು ನುಣುಪಲ್ಲ.
ಸಂಶೋಧನೆಯ ಅನುದಾನ ಪರಿಶೀಲನೆಯಲ್ಲಿದೆ,
ಖಾಸಗಿಯವರು ಮುಂದೆ ಬಂದರೆ ನಾವು ಹಿಂದಿದ್ದೇವೆ.
ಸಹಿಯ ಕೆಳಗೆ ಚಹಾ ಲೋಟದ ಉಂಗುರ.
ಯಾಕೋ ಆ ಉಂಗುರದ ಮೇಲೆ ನನಗೆ ಸಿಟ್ಟಿಲ್ಲ,
ಯಾರೋ ಓದುತ್ತ ಕೂತಿದ್ದರೆಂದಾಯಿತು.

ಹನ್ನೆರಡು.
ಈ ಹಾವಿನ ವಿಷ ಮೊದಲು ಹಿಂಡಿದವರು ಬಿತ್ರುಸ್ ಮೇಷ್ಟ್ರು,
ಸರ್ಕಾರದ ಸಂಬಳ, ಹೊಲಿಗೆ ಬಿಟ್ಟ ಕೈಗವಸು.
ಒಂದು ಬೆರಳು ಹೋಯಿತು.
ಅವರ ಟಿಪ್ಪಣಿ ಹಡಗು ಹತ್ತಿ ಹೋಗಿ
ಪೇಟೆಂಟಾಗಿ ತಿರುಗಿ ಬಂತು.
ಬೆರಳಿಗೆ ರಸೀದಿ ಇಲ್ಲ.

ತಾಯಿ ಟಕ್ಕೊ ಸಂತೆಯಲ್ಲಿ ಮೊಸರು ಮಾರುವವಳು,
ನಳಿಕೆಯಿಂದ ಕಣ್ಣು ಕೀಳದೆ ಕೇಳುತ್ತಾಳೆ:
ಇದಕ್ಕೆ ಹೆಪ್ಪು ಹಾಕಿದ್ದೀಯಾ?
ಇಲ್ಲ, ತಾನೇ ಆಗಬೇಕು.
ಆಗದಿದ್ದರೆ?
ಕುದುರೆಯಿಂದ ತರಬೇಕು.
ಯಾರ ಕುದುರೆ?
ಅದನ್ನೇ ಅವರಿಬ್ಬರೂ ಒಬ್ಬರನ್ನೊಬ್ಬರು
ಕೇಳುತ್ತಿದ್ದಾರೆ, ಹದಿನಾಲ್ಕು ವರ್ಷದಿಂದ.

ಅವಳಿಗೆ ನಗು ಬಂತು, ಬರಬಾರದ ಹೊತ್ತಲ್ಲಿ.
ನಮ್ಮ ಹಟ್ಟಿಯಲ್ಲಿ ಮೊಸರಿಗೆ ಬೆಲೆಯುಂಟು, ಹೆಪ್ಪಿಗಿಲ್ಲ.
ಕೇಳಿದ ಮನೆಗೆ ಇಲ್ಲವೆಂದರೆ
ನಾಳೆ ನನ್ನ ಗಡಿಗೆ ಒಡೆದಾಗ
ಯಾರ ಬಾಗಿಲಿಗೆ ಹೋಗಲಿ?

ಇಪ್ಪತ್ತು.
ನಳಿಕೆ ವಾಲಿಸಿದೆ.
ನೀರಿನಂತೆ ಹರಿಯಿತು, ಅಂಚಿನವರೆಗೆ.

ಫ್ರಿಜ್ಜಿನ ಬಾಗಿಲು ತೆಗೆದೆ, ಒಳಗೆ ದೀಪ ಹತ್ತಿತು.
ಕರೆಂಟಿತ್ತು. ಅಷ್ಟು ಸರ್ಕಾರ ಇತ್ತು.
ತಾರೀಖಿನ ಮೇಲೆ ಹೆಬ್ಬೆರಳಿಟ್ಟು
ಸೀಸೆಯ ಮುಚ್ಚಳ ಕಿತ್ತೆ.